ಜೂನ್ ಗಾಳಿ, ಮಾರ್ಚ್ ಬಿಸಿಲು

ಕರಾವಳಿಯಿಂದಲೋ ಮಲೆನಾಡಿನಿಂದಲೋ ಚಿತ್ರದುರ್ಗಕ್ಕೆ ವರ್ಗವಾಗಿ ಬರುವ ಸಂಸಾರಗಳು ಹೆಚ್ಚಾಗಿ ಮೇ ಕೊನೆಗೆ, ತಪ್ಪಿದರೆ ಜೂನ್ ಮೊದಲ ವಾರಕ್ಕೆ ಬಂದಿಳಿಯುತ್ತವೆ. ಶಾಲೆ ಶುರುವಾಗುವಷ್ಟರಲ್ಲಿ ಬಾಡಿಗೆ ಮನೆ ಹಿಡಿದಿರಬೇಕು, ಮಕ್ಕಳ ಟಿ.ಸಿ. ಹೊಸ ಶಾಲೆಗೆ ಕೊಟ್ಟಿರಬೇಕು, ಗ್ಯಾಸ್ ವರ್ಗಾವಣೆ ಆಗಿರಬೇಕು. ಲಾರಿಯಿಂದ ಸಾಮಾನು ಇಳಿಸುವಾಗ ನೋಡಿ, ರೇನ್‌ಕೋಟು, ಕೊಡೆ, ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿ ಥಟ್ಟನೆ ಕೈಗೆ ಸಿಗುವಂತೆ ಮೇಲೆಯೇ ಇರುತ್ತವೆ. ಶಾಲೆ ಶುರುವಾಯಿತೆಂದರೆ ಮಳೆ ಶುರುವಾಯಿತು ಎಂಬುದು ಆ ಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದ ತಿಳಿವಳಿಕೆ. ದುರ್ಗದಲ್ಲಿ ಶಾಲೆಯ ಜೊತೆಗೆ ಶುರುವಾಗುವುದು ಗಾಳಿ.

ಅದು ಅಂತಿಂಥ ಗಾಳಿಯಲ್ಲ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರು ಘಟ್ಟದ ಮೇಲೆ ತನ್ನ ನೀರನ್ನೆಲ್ಲ ಸುರಿದು, ಹಗುರಾಗಿ, ಬಯಲಿಗೆ ದಾಟುವಾಗ ಉಳಿಯುವುದು ಬೀಸು ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ, ದುರ್ಗದ ಸೀಮೆಗೆ ಬರುವಷ್ಟರಲ್ಲಿ 600 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ನೀರು ಸಿಗದ ಈ ಮುಂಗಾರಿನಿಂದ ನಮ್ಮ ಜಿಲ್ಲೆ ಕರೆಂಟನ್ನಾದರೂ ತೆಗೆಯುತ್ತಿದೆ. ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಸಾಲುಗಳವರೆಗೆ ನಿಂತಿರುವ ಗಾಳಿಯಂತ್ರಗಳು ಜೂನ್‌ನಿಂದ ಆಗಸ್ಟ್‌ವರೆಗೆ ಬಿಡುವಿಲ್ಲದೆ ತಿರುಗುತ್ತವೆ. ಹೊಸದಾಗಿ ಬಂದ ಮಕ್ಕಳು ಮೊದಲ ವಾರ ಎಣಿಸುವುದು ಅವನ್ನೇ. ದೊಡ್ಡವರಿಗೆ ಕೋಟೆ ದೊಡ್ಡದಾಗಿ ಕಂಡರೆ ಮಕ್ಕಳಿಗೆ ಗುಡ್ಡದ ಮೇಲಿನ ಆ ದೈತ್ಯ ಫ್ಯಾನುಗಳೇ ದೊಡ್ಡವು.

ಮಳೆಯ ಊರಿನ ಮಗುವಿಗೆ ಈ ಗಾಳಿಯೊಂದಿಗೆ ಸ್ನೇಹ ಮಾಡಿಸುವುದು ಗಾಳಿಪಟ. ಉಡುಪಿ ಕಡೆಯ ಹುಡುಗನಿಗೆ ಆಷಾಢದಲ್ಲಿ ಗಾಳಿಪಟ ಎಂಬುದು ಊಹೆಗೂ ನಿಲುಕದ ಮಾತು. ಅಲ್ಲಿ ಆಷಾಢದಲ್ಲಿ ಕಾಗದ ನೀರಿಗೆ ಬೀಳುತ್ತದೆ, ದೋಣಿಯಾಗುತ್ತದೆ. ಇಲ್ಲಿ ಅದೇ ಹಳೆಯ ಪೇಪರು ಆಕಾಶಕ್ಕೆ ಏರುತ್ತದೆ. ನಮ್ಮ ಬೀದಿಯ ಹುಡುಗರು ಪಟ ಕಟ್ಟುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಪೇಪರನ್ನು ಚೌಕಕ್ಕೆ ಕತ್ತರಿಸಿ, ಪೊರಕೆಯಿಂದ ಕದ್ದ ತೆಂಗಿನ ಕಡ್ಡಿ ಎರಡನ್ನು ಒಂದು ನೆಟ್ಟಗೆ, ಒಂದು ಬಿಲ್ಲಿನಂತೆ ಬಗ್ಗಿಸಿ, ಅನ್ನದ ಅಗುಳು ತಿಕ್ಕಿ ಅಂಟಿಸುತ್ತಾರೆ. ಬಳಿಕ ಕಡ್ಡಿ ಕೂಡುವ ಕಡೆ ತೂತು ಮಾಡಿ ಸೂತ್ರ ಕಟ್ಟುವುದು. ಕಷ್ಟವೆಲ್ಲ ಇರುವುದು ಇಲ್ಲಿಯೇ. ಮೇಲಿನ ದಾರ ಒಂದು ಬೆರಳು ಉದ್ದವಾದರೂ ಪಟ ತಲೆಕೆಳಗಾಗುತ್ತದೆ. ಹೊಸ ಹುಡುಗನ ಪಟ ಎರಡು ಸುತ್ತು ಸುತ್ತಿ ನೆಲಕ್ಕೆ ಬಿದ್ದಾಗ ಸ್ಥಳೀಯ ಹುಡುಗನೊಬ್ಬ ಓಡಿಬಂದು, "ಸೂತ್ರ ಸರಿ ಇಲ್ಲ ಕಣೋ, ಅದಕ್ಕೇ ಗೋತಾ ಹೊಡೀತೈತೆ. ಬಾಲಂಗೋಚಿ ಇನ್ನೊಂದು ಮೊಳ ಬೇಕು, ನಿಮ್ಮಮ್ಮನ ಹಳೇ ಸೀರೆ ಚೂರು ಇಸ್ಕಂಡು ಬಾ" ಎನ್ನುತ್ತಾನೆ. ಆ ಸೀರೆಯ ಚೂರು ಸಿಕ್ಕಿದ ಹೊತ್ತಿಗೆ ಇಬ್ಬರಿಗೂ ಗೆಳೆತನವಾಗಿರುತ್ತದೆ. ಹೊಸ ಊರಿಗೆ ಬಂದ ಮಗುವನ್ನು ಟ್ಯೂಷನ್‌ಗೆ ಸೇರಿಸುವ ಮೊದಲು ಮೈದಾನಕ್ಕೆ ಬಿಡಿ ಎಂದು ನಾನು ತಂದೆತಾಯಂದಿರಿಗೆ ಹೇಳುವುದು ಇದಕ್ಕಾಗಿಯೇ. ಊರಿನ ಹವೆ ಹೇಗೆ ಎಂಬುದನ್ನು ಮಕ್ಕಳು ಮಕ್ಕಳಿಂದ ಕಲಿತಷ್ಟು ಚೆನ್ನಾಗಿ ಯಾರಿಂದಲೂ ಕಲಿಯುವುದಿಲ್ಲ.

ನಮ್ಮ ಪಕ್ಕದ ಮನೆಗೆ ಕುಂದಾಪುರದ ಕಡೆಯಿಂದ ಬ್ಯಾಂಕ್ ನೌಕರರ ಸಂಸಾರವೊಂದು ಬಂತು. ಐದನೆಯ ತರಗತಿಯ ಹುಡುಗಿ ಜುಲೈನ ಒಂದು ಸಂಜೆ ಕಾಂಪೌಂಡಿನ ಆಚೆಯಿಂದ ಕೇಳಿದಳು: "ಅಜ್ಜ, ಇಲ್ಲಿ ಮಳೆ ರಜೆ ಯಾವಾಗ ಕೊಡ್ತಾರೆ?" ಏನು ಹೇಳಲಿ? ಕರಾವಳಿಯಲ್ಲಿ, ಕೊಡಗಿನಲ್ಲಿ ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ. ಬೆಳಿಗ್ಗೆ ಎದ್ದು ಅಪ್ಪನ ಮೊಬೈಲಿನಲ್ಲಿ ಆ ಸುದ್ದಿ ಹುಡುಕುವುದು ಅಲ್ಲಿನ ಮಕ್ಕಳ ದೊಡ್ಡ ಸುಖ. ಆ ರಜೆ ದುರ್ಗದಲ್ಲಿ ಇಲ್ಲವೆಂದೇ ಹೇಳಬೇಕು. ಇಲ್ಲಿ ಮಳೆ ಬಂದರೆ ಯಾರೂ ರಜೆ ಕೇಳುವುದಿಲ್ಲ, ಅಂಗಳಕ್ಕೆ ಬಂದು ನಿಂತು ನೋಡುತ್ತಾರೆ. "ಪುಟ್ಟಾ, ಇಲ್ಲಿ ಮಳೆ ಬರೋದು ದಸರಾ ಹೊತ್ತಿಗೆ ಕಣಮ್ಮ, ಆಗ ಹೇಗೂ ರಜೆ ಇರುತ್ತಲ್ಲ" ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ಆದರೆ ಮಾತು ಸುಳ್ಳಲ್ಲ. ಕರಾವಳಿ, ಮಲೆನಾಡುಗಳಿಗೆ ಆರಿದ್ರ, ಪುನರ್ವಸು, ಪುಷ್ಯ ಮಳೆಗಳು ಎಷ್ಟು ದೊಡ್ಡವೋ ನಮ್ಮ ಕಡೆಗೆ ಉತ್ತರೆ, ಹತ್ತೆ, ಚಿತ್ತೆ ಅಷ್ಟು ದೊಡ್ಡವು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮುಗಿಯುವವರೆಗೆ ಸಂಜೆ ಗುಡುಗಿ, ಒಂದೆರಡು ತಾಸು ಬಡಿದು, ಹಳ್ಳ ಹರಿಸಿ ನಿಲ್ಲುವ ಮಳೆ ನಮ್ಮದು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷ ಕಾಯಬೇಕಾಯಿತು. 2022ರಲ್ಲಿ ಆ ದಿನ ಬಂದದ್ದೂ ಸೆಪ್ಟೆಂಬರಿನಲ್ಲೇ.

ಹೊರಗಿನಿಂದ ಬಂದವರಿಗೆ ದುರ್ಗ ತನ್ನ ಒಳ್ಳೆಯ ಮುಖವನ್ನು ಮೊದಲು ತೋರಿಸುತ್ತದೆ. ಮಕ್ಕಳಿರುವ ಮನೆಯವರು ಇದನ್ನು ಚೆನ್ನಾಗಿ ಅರಿತಿರಬೇಕು. ಜೂನ್‌ನಿಂದ ಮೂರು ತಿಂಗಳು ಮೋಡ, ತಂಗಾಳಿ, ಆಗೊಮ್ಮೆ ಈಗೊಮ್ಮೆ ತುಂತುರು. ಮಧ್ಯಾಹ್ನ ಕೂಡ 30 ಡಿಗ್ರಿ ದಾಟದ ದಿನಗಳೇ ಹೆಚ್ಚು. ಕುಂದಾಪುರದಲ್ಲಿ ಯೂನಿಫಾರಂ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟುತ್ತಿದ್ದ ತಾಯಿಗೆ ಇಲ್ಲಿ ಒಗೆದ ಬಟ್ಟೆ ಒಂದು ತಾಸಿನಲ್ಲಿ ಗರಿಗರಿಯಾಗಿ ಒಣಗಿ ಸಿಗುತ್ತದೆ. ಪುಸ್ತಕಕ್ಕೆ ಬೂಷ್ಟು ಹಿಡಿಯುವುದಿಲ್ಲ, ಉಪ್ಪು ನೀರೊಡೆಯುವುದಿಲ್ಲ, ಹಪ್ಪಳ ಡಬ್ಬಿಯಲ್ಲಿಟ್ಟರೆ ತಿಂಗಳಾದರೂ ಮೆತ್ತಗಾಗುವುದಿಲ್ಲ. ತೇವದ ಮನೆಯಲ್ಲಿ ಕೆಮ್ಮುತ್ತಿದ್ದ ಮಗು ಇಲ್ಲಿ ಸುಧಾರಿಸಿಕೊಳ್ಳುವುದೂ ಉಂಟು, ಧೂಳಿಗೆ ಆಗದ ಮಗುವಾದರೆ ಅದರ ಕಥೆ ಬೇರೆ. ನವೆಂಬರ್ ಕಳೆದು ಚಳಿ ಬಂದಾಗ ಇನ್ನೊಂದು ಅಚ್ಚರಿ: ಬಾಟಲಿಯ ಕೊಬ್ಬರಿ ಎಣ್ಣೆ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಇಲ್ಲಿನ ಡಿಸೆಂಬರ್ ರಾತ್ರಿಗಳು ಅದಕ್ಕಿಂತ ಬಹಳ ತಣ್ಣಗೆ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಂದ ಕರಾವಳಿಯ ಮಗು ಬಾಟಲಿಯನ್ನು ಬಿಸಿಲಿಗೆ ಇಟ್ಟು ಕಾಯುವುದನ್ನು ಮೊದಲ ಬಾರಿಗೆ ಕಲಿಯುತ್ತದೆ.

ಹೀಗೆ ಎಂಟು ತಿಂಗಳು ಕಳೆಯುತ್ತವೆ. ಬಯಲುಸೀಮೆ ಎಂದರೆ ಏನೋ ಎಂದು ಹೆದರಿಸಿದ್ದರು, ಅಂಥದ್ದೇನೂ ಇಲ್ಲ ಎಂದು ತಂದೆತಾಯಿ ನಿರಾಳರಾಗುತ್ತಾರೆ. ಜೂನ್‌ನಲ್ಲಿ ಪಕ್ಕದ ಮನೆಯವರು ಹೇಳಿದ ಎಚ್ಚರಿಕೆಯೆಲ್ಲ ಮರೆತುಹೋಗಿರುತ್ತದೆ. ಆಗ ಫೆಬ್ರವರಿ ಬರುತ್ತದೆ.

ಹಿರಿಯೂರಿನ ತೇರು ಮಲ್ಲೇಶ್ವರನ ತೇರು ಮುಗಿದ ಮೇಲೆ ಗಾಳಿ ಬದಲಾಗುತ್ತದೆ. ಹಸಿ ಎಂಬುದು ಗಾಳಿಯಲ್ಲಿ ಉಳಿಯುವುದಿಲ್ಲ. ಮಾರ್ಚ್ ಕೊನೆಗೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ಸುತ್ತಮುತ್ತ, ದುರ್ಗದಲ್ಲಿ 36-37 ಡಿಗ್ರಿ ಸಾಮಾನ್ಯ. ಏಪ್ರಿಲ್‌ನಲ್ಲಿ ಹಿರಿಯೂರು, ಚಳ್ಳಕೆರೆ ಕಡೆ 40ಕ್ಕೆ ಮುಟ್ಟುವ ದಿನಗಳೂ ಇವೆ. ಕೋಟೆಯ ಬುಡದ ಬೀದಿಗಳಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಮಕ್ಕಳ ವಾರ್ಷಿಕ ಪರೀಕ್ಷೆ ಬರುವುದೂ ಇದೇ ಹೊತ್ತಿಗೆ. ಅಂದರೆ ಹೊಸ ಹವೆಯ ನಿಜವಾದ ಪರೀಕ್ಷೆ ಮಗುವಿಗೆ ಎದುರಾಗುವುದು ಊರಿಗೆ ಬಂದು ಒಂಬತ್ತನೆಯ, ಹತ್ತನೆಯ ತಿಂಗಳಿನಲ್ಲಿ, ಮನೆಯವರ ಎಚ್ಚರ ಪೂರಾ ಇಳಿದಿರುವಾಗ. ಜೂನ್‌ನಲ್ಲಿ ತೋರುವ ಕಾಳಜಿಯ ಅರ್ಧದಷ್ಟನ್ನಾದರೂ ಫೆಬ್ರವರಿಗೆ ಎತ್ತಿಡಬೇಕು ಎನ್ನುವುದು ನನ್ನ ಬಿನ್ನಹ.

ಕರಾವಳಿಯ ಸೆಕೆಗೂ ದುರ್ಗದ ಬಿಸಿಲಿಗೂ ಇರುವ ವ್ಯತ್ಯಾಸ ಮಕ್ಕಳನ್ನು ಮೋಸ ಮಾಡುತ್ತದೆ. ಅಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ಅಂಟುತ್ತದೆ. ಬೆವರಿದ್ದೇನೆ, ನೀರು ಕುಡಿಯಬೇಕು ಎಂದು ಮಗುವಿಗೆ ತಾನಾಗಿ ಅನ್ನಿಸುತ್ತದೆ. ಇಲ್ಲಿನ ಒಣ ಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣಕ್ಕೆ ಆರುತ್ತದೆ. ಮೈ ಒಣಗಿಯೇ ಇರುತ್ತದೆ. ನಾನು ಬೆವರಲೇ ಇಲ್ಲ ಎಂದು ಮಗು ನಿಜವಾಗಿಯೂ ನಂಬುತ್ತದೆ. ಸಂಜೆ ಕಪ್ಪು ಚಡ್ಡಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ನೀರು ಹೋಗಿದೆ ಎಂಬುದು ತಿಳಿಯುವುದು. ಅದಕ್ಕೇ ಇಲ್ಲಿ ಬಾಯಾರಿಕೆಯನ್ನು ಕಾಯುತ್ತ ಕೂರಬಾರದು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಶುರುವಾಯಿತು, ನಮ್ಮ ರಾಜ್ಯಕ್ಕೂ ಆ ವಿಚಾರ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಬೇಕಿರುವುದು ಹಿರಿಯೂರಿನಂಥ ಊರುಗಳಲ್ಲಿ, ಅದೂ ಫೆಬ್ರವರಿಯಿಂದ. ದೇಹ ಹೊಸ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಆ ಎರಡು ವಾರ ಮಧ್ಯಾಹ್ನದ ಆಟವನ್ನು ಬೆಳಿಗ್ಗೆಗೆ ಸರಿಸಿದರೆ ಸಾಕು. ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕೊಡುವುದು ಇಲ್ಲಿನ ಅಜ್ಜಿಯರು ಯಾವ ವೈದ್ಯರನ್ನೂ ಕೇಳದೆ ಮಾಡಿಕೊಂಡು ಬಂದಿರುವ ಕೆಲಸ.

ಮೂಗಿನಲ್ಲಿ ರಕ್ತ ಬರುವುದು ಇನ್ನೊಂದು. ಮೂಗಿನ ಒಳಪೊರೆ ಒಣಗಿ ಬಿರಿದು ಹೀಗಾಗುತ್ತದೆ. ಹೊಸದಾಗಿ ಬಂದ ಮಗುವಿಗೆ ತರಗತಿಯಲ್ಲೇ ಇದಾದರೆ ಇಡೀ ಕೋಣೆ ಗಾಬರಿ. ತಲೆಯನ್ನು ಹಿಂದಕ್ಕೆ ಬಗ್ಗಿಸಿ ಮಲಗಿಸುವುದು ನಮ್ಮ ರೂಢಿ, ಅದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ, ಪದೇಪದೇ ಬಂದರೆ ಆಸ್ಪತ್ರೆ.

ಇನ್ನು ನೀರಿನ ಮಾತು. ಬಿಸಿಲಿಗಾದರೂ ಮಗು ಒಗ್ಗಿಕೊಳ್ಳುತ್ತದೆ, ಈ ವಿಷಯದಲ್ಲಿ ಒಗ್ಗುವುದು ಎಂಬುದಿಲ್ಲ. ಕರಾವಳಿಯ, ಮಲೆನಾಡಿನ ತಾಯಂದಿರು ಒಂದು ಒಳ್ಳೆಯ ಅಭ್ಯಾಸವನ್ನು ಜೊತೆಗೆ ತರುತ್ತಾರೆ: ಮಕ್ಕಳಿಗೆ ಕುದಿಸಿ ಆರಿಸಿದ ನೀರೇ ಆಗಬೇಕು. ಬಾವಿಯ ನೀರಿನಲ್ಲಿ ಕ್ರಿಮಿಯ ಭಯವಿರುವ ಕಡೆ ಅದು ಸರಿ. ನಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಇರುವುದು ಫ್ಲೋರೈಡ್. ಕಲ್ಲಿನ ಆಳದಲ್ಲಿ ವರ್ಷಗಟ್ಟಲೆ ನಿಂತ ನೀರು ಬಂಡೆಯಿಂದ ಕರಗಿಸಿಕೊಂಡ ಲವಣ ಅದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಕಣ್ಣಿಗೆ ತಿಳಿಯಾಗಿ, ನಾಲಿಗೆಗೆ ರುಚಿಯಾಗಿಯೇ ಇರುವ ನೀರು ಅದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ, ಅದರ ಮೇಲೆ ಸಲ್ಲದು.

ಇದು ದೊಡ್ಡವರಿಗಿಂತ ಚಿಕ್ಕ ಮಕ್ಕಳ ಪ್ರಶ್ನೆ ಏಕೆಂದರೆ, ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ಕುಡಿದ ಫ್ಲೋರೈಡ್ ನೀರು, ಆಮೇಲೆ ಹುಟ್ಟುವ ಹಲ್ಲಿನ ಮೇಲೆ ಸುಣ್ಣದಂಥ ಪಟ್ಟೆಯಾಗಿ, ಕಂದು ಕಲೆಯಾಗಿ ಕಾಣಿಸುತ್ತದೆ. ನಲವತ್ತು ವರ್ಷದ ಅಪ್ಪ ಅದೇ ನೀರು ಕುಡಿದರೂ ಅವನ ಹಲ್ಲಿಗೆ ಕಲೆ ಬರುವುದಿಲ್ಲ. ನಾಲ್ಕು ವರ್ಷದ ಮಗಳಿಗೆ ಬರುತ್ತದೆ, ಅದೂ ಅವಳು ಊರು ಬಿಟ್ಟು ಹೋದ ಮೇಲೆ ಗೊತ್ತಾಗುತ್ತದೆ. ಹಲ್ಲು ಮುಚ್ಚಿಕೊಂಡು ನಗುವ ಹುಡುಗಿಯರನ್ನು ನಾನು ತರಗತಿಗಳಲ್ಲಿ ಕಂಡಿದ್ದೇನೆ. ಫೋಟೋಕ್ಕೆ ನಿಂತಾಗ ತುಟಿ ಬಿಗಿಹಿಡಿಯುವ ಆ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎಲ್ಲವೂ ಆ ಹಲ್ಲು ಮೂಡುವ ಮೊದಲೇ ಅವರ ಬಾಯಿಗೆ ಬಿದ್ದ ನೀರಿನ ಫಲ.

ಆದ್ದರಿಂದ ಬಾಡಿಗೆ ಮನೆ ನೋಡುವಾಗ ಕೋಣೆ ಎಷ್ಟು, ಬಾಡಿಗೆ ಎಷ್ಟು ಎಂಬುದರ ಜೊತೆಗೆ ಕೇಳಬೇಕಾದದ್ದು ಕುಡಿಯುವ ನೀರು ಯಾವುದು ಎಂದು. ಇಲ್ಲಿನವರು ನೀರನ್ನು ಎರಡಾಗಿ ಹೇಳುತ್ತಾರೆ, ಸಿಹಿ ನೀರು ಮತ್ತು ಉಪ್ಪು ನೀರು. ಬೋರ್‌ವೆಲ್ಲಿನದು ಬಳಸಲು, ನಲ್ಲಿಯಲ್ಲಿ ದಿನ ಬಿಟ್ಟು ಬರುವ ಹೊಳೆಯ ನೀರು ಕುಡಿಯಲು. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಬಹುದು. ಯಂತ್ರದ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಮಾತ್ರ ಆ ನೀರು ಶುದ್ಧ, ಅದನ್ನು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ. ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಇರುತ್ತದೆ. ಶಿಕ್ಷಕರಾಗಿ, ಗ್ರಾಮ ಆಡಳಿತಾಧಿಕಾರಿಯಾಗಿ ಹಳ್ಳಿಗೆ ಬಂದವರು ಮೊದಲ ವಾರವೇ ಮನೆಯ ನೀರನ್ನು ಒಮ್ಮೆ ಪರೀಕ್ಷಿಸಿಕೊಂಡರೆ, ಹಾಗೇ ಶಾಲೆಯ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿದರೆ, ಆ ಹಳ್ಳಿಯ ಮಕ್ಕಳಿಗೂ ಅದರ ಉಪಕಾರವಾಗುತ್ತದೆ.

ಜಿಲ್ಲೆ ಒಂದೇ ಎಂದು ಹವೆಯೂ ಒಂದೇ ಅಲ್ಲ, ಬರುವವರು ಇದನ್ನೂ ನೋಡಬೇಕು. ಪಶ್ಚಿಮದ ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ ತೋಟ, ತೆಂಗಿನ ಸಾಲು ಕಾಣುತ್ತವೆ. ಮಲೆನಾಡಿನಿಂದ ಬಂದ ಮಗುವಿಗೆ ಅಡಿಕೆ ಸುಲಿಯುವ ಮನೆಯಂಗಳ ಕಂಡರೆ ಅರ್ಧ ಊರು ಸಿಕ್ಕಂತೆ. ಅಲ್ಲಿಂದ ಪೂರ್ವಕ್ಕೆ ಹಿರಿಯೂರಿಗೆ ಬಂದರೆ ಕಡಲೆಕಾಯಿ, ಈರುಳ್ಳಿ, ಜಾಲಿ. ಆದರೂ ಹಿರಿಯೂರಿನ ಜೀವಾಳವಾದ ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯಲ್ಲಿ. ಗಿರಿಯಿಂದ ಇಳಿದ ವೇದಾ, ಅವತಿ ಹಳ್ಳಗಳು ಕಡೂರಿನ ಬಳಿ ಕೂಡಿ, ಹೊಸದುರ್ಗದ ಸೀಮೆ ದಾಟಿ, 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ಅಣೆಕಟ್ಟೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ, ಬಂದು ನಿಲ್ಲುತ್ತವೆ. ಚಿಕ್ಕಮಗಳೂರಿನಿಂದ ಬಂದ ಮಗುವನ್ನು ಒಂದು ಭಾನುವಾರ ಅಣೆಕಟ್ಟೆಯ ಮೇಲೆ ನಿಲ್ಲಿಸಿ ಇದನ್ನು ಹೇಳಿ ನೋಡಿ. ನಮ್ಮೂರ ಮಳೆಯೇ ಇದು ಎಂದು ಅದರ ಮುಖ ಅರಳುತ್ತದೆ.

ಇನ್ನೊಂದು ಭಾನುವಾರ ಕೋಟೆಗೆ. ಒನಕೆ ಓಬವ್ವನ ಕಿಂಡಿಯನ್ನು ಎಲ್ಲರೂ ತೋರಿಸುತ್ತಾರೆ, ತೋರಿಸಲಿ. ನಾನು ಹೊಂಡಗಳನ್ನೂ ತೋರಿಸಿ ಎನ್ನುತ್ತೇನೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಉಕ್ಕಿದ್ದು ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಬರುವಂತೆ ನಾಯಕರ ಕಾಲದವರು ದಾರಿ ಮಾಡಿದ್ದರು. ನೀರು ಧಾರಾಳವಾಗಿ ಬೀಳುವ ಊರಿನ ಮಗುವಿಗೆ, ಕಡಿಮೆ ಮಳೆಯಲ್ಲಿ ಬದುಕುವವರ ಬುದ್ಧಿ ಎಂಥದ್ದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಸಿಗದು. ಇಲ್ಲಿನ ಮನೆಗಳಲ್ಲಿ ಬಿಂದಿಗೆಯ ತಳದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕುವುದೇಕೆ ಎಂದು ಆಮೇಲೆ ವಿವರಿಸಬೇಕಾಗಿಲ್ಲ.

ಮಕ್ಕಳನ್ನು ಜೊತೆಗೆ ತರಬೇಕೋ, ಅಜ್ಜಿಮನೆಯಲ್ಲಿ ಬಿಟ್ಟು ಬರಬೇಕೋ ಎಂಬ ತಳಮಳ ಈಗಲೂ ಇದೆ. ಹಿಂದೆ ಮಲೆನಾಡಿಗೆ ವರ್ಗವಾದ ಬಯಲುಸೀಮೆಯ ನೌಕರರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗುತ್ತಿದ್ದರು, ಮಲೆನಾಡ ಜ್ವರದ ಹೆದರಿಕೆ ಅಷ್ಟಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಡಿ.ಡಿ.ಟಿ. ಸಿಂಪಡಿಸಿ ಆ ಹೆದರಿಕೆ ತಗ್ಗಿತು. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಬಂದ ಟಿಬೆಟನ್ನರದು ಇದಕ್ಕಿಂತ ಕಠಿಣ ಪಾಡು. ಹಿಮದ ನಾಡಿನಿಂದ ಇಳಿದವರು ಅಸ್ಸಾಮಿನ ಮಿಸಾಮಾರಿ ಶಿಬಿರದ ಸೆಕೆಯಲ್ಲಿ ಕಾಯಿಲೆಗೆ ತತ್ತರಿಸಿದರು. ದೊಡ್ಡವರು ರಸ್ತೆ ಕೆಲಸಕ್ಕೆ ಹೋದರೆ, ಮಕ್ಕಳನ್ನು ಉಳಿಸಿಕೊಳ್ಳಲು 1960ರ ಮೇ ತಿಂಗಳಲ್ಲಿ ಧರ್ಮಶಾಲೆಯ ತಂಪಿನಲ್ಲಿ 51 ಮಕ್ಕಳ ಒಂದು ಶಿಶುವಿಹಾರ ತೆರೆಯಬೇಕಾಯಿತು. ಅವರಿಗೆ ಮಕ್ಕಳನ್ನು ಅಗಲದೆ ಬೇರೆ ದಾರಿ ಇರಲಿಲ್ಲ. ಆ ಜನ ಆಮೇಲೆ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಮಕ್ಕಳ ಜೊತೆ ನೆಲೆನಿಂತರು. ಮಕ್ಕಳನ್ನು ಅಗಲುವ ಇಂಥ ಅನಿವಾರ್ಯ ಇಂದು ದುರ್ಗಕ್ಕೆ ಬರುವ ಯಾವ ನೌಕರರಿಗೂ ಇಲ್ಲ. ನೀರು ಒಂದನ್ನು ನೋಡಿಕೊಂಡರೆ ಇಲ್ಲಿನ ಹವೆಯಲ್ಲಿ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಕರೆದುಕೊಂಡೇ ಬನ್ನಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೆ ಹೀಗೆ ಬರುವವರಿಗೆ ವರ್ಗಾವಣೆ ಆದೇಶವಿದೆ, ಮನೆ ಬಾಡಿಗೆ ಭತ್ಯೆಯಿದೆ, ಟಿ.ಸಿ. ಇದೆ. ಇದೇ ಜಿಲ್ಲೆಯಿಂದ ಎದುರು ದಿಕ್ಕಿಗೆ ಹೋಗುವ ಸಂಸಾರಗಳಿಗೆ ಇವು ಯಾವುವೂ ಇಲ್ಲ. ಮಳೆ ಕೈಕೊಟ್ಟ ವರ್ಷ, ಹೊಲದ ಕೆಲಸ ಮುಗಿದ ಮೇಲೆ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹಣ್ಣು ಕೊಯ್ಯಲು. ಕೆಲಸ ಇರುವುದೇ ಡಿಸೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ, ಅಂದರೆ ಶಾಲೆಯ ಪಾಠ ಜೋರಾಗಿ ನಡೆಯುವ ಕಾಲ. ನೋಡಿಕೊಳ್ಳಲು ಅಜ್ಜಿ ಇದ್ದರೆ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಅವರೂ ಲಾರಿ ಹತ್ತುತ್ತಾರೆ.

ದುರ್ಗಕ್ಕೆ ಬಂದ ಮಗುವಿಗೆ ಹವೆ ಎಂಟು ತಿಂಗಳ ಗಡುವು ಕೊಡುತ್ತದೆ ಎಂದೆನಲ್ಲ, ಗುಳೆ ಹೋದ ಮಗುವಿಗೆ ಒಂದು ರಾತ್ರಿಯ ಗಡುವೂ ಇಲ್ಲ. ಬಿಸಿಲ ನಾಡಿನ ತೆಳು ಅಂಗಿಯಲ್ಲಿ ಹೊರಟ ಮಗು, ಇಳಿದ ದಿನವೇ ತೋಟದ ಲೈನ್ ಮನೆಯ ತಣ್ಣನೆಯ ನೆಲದ ಮೇಲೆ ಮಲಗಬೇಕು. ಬೆಳಿಗ್ಗೆ ಒಂಬತ್ತಾದರೂ ಬಿಡದ ಮಂಜು. ಗಿಡದ ಎಲೆಯೆಲ್ಲ ಇಬ್ಬನಿ, ಅದರ ನಡುವೆ ತಾಯಿ ಹಣ್ಣು ಬಿಡಿಸುವಾಗ ಮಗು ಅವಳ ಸೆರಗು ಹಿಡಿದು ನಿಂತರೆ ಅರ್ಧ ತಾಸಿನಲ್ಲಿ ಬಟ್ಟೆ ಒದ್ದೆ. ಬಯಲಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಮರಗಳ ಕತ್ತಲೆಯೇ ಒಂದು ಭಯ, ಕಾಲಿಗೆ ಹತ್ತುವ ಜಿಗಣೆ, ಉಣುಗು ಬೇರೆ. ಆ ತಾಯಿಗೆ ಹೊಸ ಹವೆಯ ಬಗ್ಗೆ ಎಚ್ಚರಿಕೆ ಹೇಳುವವರು ಯಾರೂ ಇಲ್ಲ, ಹೇಳಿದರೂ ಬೆಚ್ಚನೆಯ ಬಟ್ಟೆ ಕೊಳ್ಳಲು ಮೊದಲ ವಾರದ ಬಟವಾಡೆ ಆಗಬೇಕು.

ಹಾಜರಿ ಪುಸ್ತಕದಲ್ಲಿ ಇಂಥ ಮಗುವಿನ ಹೆಸರಿನ ಮುಂದೆ ಗೈರು ಹಾಜರಿ ಬೀಳುತ್ತ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳನ್ನು ಮರೆತಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದು ಮಗುವಿನ ಹಕ್ಕು, ಟಿ.ಸಿ. ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಅದರ 5ನೆಯ ಕಲಂ ಬಿಡಿಸಿ ಹೇಳುತ್ತದೆ. ವಲಸೆ ಬಂದವರ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲಿ ಟೆಂಟ್ ಶಾಲೆಗಳನ್ನು ನಡೆಸಿದ್ದೂ ಉಂಟು. ಆದರೆ ತಾನು ಬಂದಿದ್ದೇನೆ ಎಂದು ತೋಟದ ಹತ್ತಿರದ ಶಾಲೆಗೆ ಆ ಮಗು ಹೇಗೆ ತಿಳಿಸಬೇಕು? ತಾಯಿಗೆ ಕಾಯ್ದೆ ಗೊತ್ತಿಲ್ಲ, ಮೇಸ್ತ್ರಿಗೆ ಅದರ ಗೊಡವೆ ಇಲ್ಲ, ಅಲ್ಲಿನ ಮೇಷ್ಟ್ರಿಗೆ ಲೈನ್ ಮನೆಯಲ್ಲಿ ಯಾರು ಬಂದರೆಂಬ ಸುಳಿವಿಲ್ಲ.

ಇಲ್ಲಿ ನಮ್ಮ ಕಡೆಯ ಮುಖ್ಯೋಪಾಧ್ಯಾಯರು ಒಂದು ಕೆಲಸ ಮಾಡಬಹುದು. ಗುಳೆ ಹೊರಡುವ ಮನೆಗಳು ಹಳ್ಳಿಯ ಶಾಲೆಗೆ ಮೊದಲೇ ಗೊತ್ತಿರುತ್ತವೆ, ದೀಪಾವಳಿ ಕಳೆದ ಮೇಲೆ ಮಕ್ಕಳೇ ಹೇಳುತ್ತಾರೆ. ಆಗ ಮಗುವಿನ ಹೆಸರು, ತರಗತಿ, ಯಾವ ಪಾಠದವರೆಗೆ ಆಗಿದೆ, ಲಸಿಕೆ ಯಾವುದು ಹಾಕಿಸಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮೊಹರು ಹಾಕಿ, ಶಾಲೆಯ ಫೋನ್ ನಂಬರಿನೊಂದಿಗೆ ತಾಯಿಯ ಕೈಗೆ ಕೊಡಬೇಕು. ಯಾವ ಊರಿನ ತೋಟ ಎಂದು ಕೇಳಿಕೊಂಡು, ಅಲ್ಲಿನ ಶಾಲೆಗೊಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಹಾಗೆಯೇ ದುರ್ಗ, ಹೊಳಲ್ಕೆರೆ, ಹೊಸದುರ್ಗ ಪೇಟೆಗಳ ಮನೆಗಳಲ್ಲಿ, ಅದರಲ್ಲೂ ಮಲೆನಾಡಿನಿಂದ ವರ್ಗವಾಗಿ ಬಂದವರ ಮನೆಗಳಲ್ಲಿ, ಮಕ್ಕಳಿಗೆ ಗಿಡ್ಡವಾದ ಸ್ವೆಟರು, ಇಲ್ಲಿ ಉಪಯೋಗವಿಲ್ಲದ ರೇನ್‌ಕೋಟು ಬೇಕಾದಷ್ಟು ಇರುತ್ತವೆ. ನವೆಂಬರಿನಲ್ಲಿ ಅವನ್ನು ಹತ್ತಿರದ ಹಳ್ಳಿಯ ಶಾಲೆಗೆ ಮುಟ್ಟಿಸಿದರೆ, ಲಾರಿ ಹತ್ತುವ ಮಕ್ಕಳ ಗಂಟಿನಲ್ಲಿ ಅವು ಹೋಗುತ್ತವೆ. ಈ ಬಾರಿ ನಮ್ಮ ಬೀದಿಯಿಂದ ಸಂಗ್ರಹಿಸುವ ಹೊಣೆ ನನ್ನದು. ಪಕ್ಕದ ಮನೆಯ ಹುಡುಗಿ ತನ್ನ ನೀಲಿ ರೇನ್‌ಕೋಟನ್ನು ಕೊಡುತ್ತೇನೆಂದು ಒಪ್ಪಿದ್ದಾಳೆ. ಅದರ ಜೇಬಿನಲ್ಲಿ ಒಂದು ಚೀಟಿ ಇಡಬಹುದೇ ಎಂದು ಕೇಳಿದಳು, ಇಡು ಎಂದಿದ್ದೇನೆ.